ಮುಖ್ಯ ಅತಿಥಿಗಳ ಅನುಕೂಲಕ್ಕೆ ತೆರೆದ ಬಾಗಿಲು

ದೋಣಿ ಪ್ರದರ್ಶನದಲ್ಲಿ ಇಡುವ ಯಾವ ದೋಣಿಯೂ ನೀರಿನಲ್ಲಿ ಇರತಕ್ಕದ್ದಲ್ಲ ಎಂಬುದು ಪ್ರದರ್ಶನ ಸಮಿತಿಯ ಮೊದಲನೆಯ ನಿಯಮ. ನೀರಿದ್ದರೆ ರತ್ನಗಂಬಳಿ ನೆನೆಯುತ್ತದೆ, ಅದರಿಂದ ಗಣ್ಯರ ಪಾದರಕ್ಷೆ ನೆನೆಯುತ್ತದೆ. ಮುಂದಿನದನ್ನು ಊಹಿಸಿಕೊಳ್ಳಲು ಸಮಿತಿಗೆ ಧೈರ್ಯವಿಲ್ಲ. ಹೀಗಾಗಿ ಬಂದರಿಗೆ ಬೆನ್ನು ಮಾಡಿ ಕಟ್ಟಿದ ಸಭಾಂಗಣದಲ್ಲಿ, ಮರದ ದಿಮ್ಮಿಗಳ ಮೇಲೆ, ಈ ವರ್ಷವೂ ದೋಣಿಗಳು ಶಿಸ್ತಾಗಿ ಒಣಗುತ್ತ ನಿಂತಿದ್ದವು.

ಅವುಗಳಲ್ಲಿ ಒಂದು, ದೋಣಿ ಕಟ್ಟುವ ಮೇಸ್ತ್ರಿಯೊಬ್ಬನ ಟ್ರಾಲರ್ ಯಾಟ್. ಹೊರಗೆ ಮೀನುದೋಣಿಯ ಗಟ್ಟಿ ಮೈ, ಒಳಗೆ ಮಲಗುವ ಕೋಣೆ, ಅಡುಗೆಮನೆ. ಹೆಂಡತಿಯ ಜೊತೆ ಉಳಿದ ಆಯುಸ್ಸನ್ನು ಸಮುದ್ರದ ಮೇಲೆ ಕಳೆಯಬೇಕೆಂದು ಆತ ಅದನ್ನು ತಾನೇ ಕಟ್ಟಿದ್ದ. ಆಕೆ ಕಿಟಕಿಗಳಿಗೆ ಪರದೆ ಹೊಲಿದಿದ್ದಳು. ಬಾಡಿಗೆ ಮನೆಯನ್ನೂ ಖಾಲಿ ಮಾಡಿ ಆಗಿತ್ತು. ಆದರೆ ಪ್ರದರ್ಶನದಲ್ಲಿ ಯೋಗ್ಯತಾಪತ್ರ ಪಡೆಯದ ದೋಣಿ ಸಮುದ್ರಕ್ಕೆ ಇಳಿಯುವಂತಿಲ್ಲ. ಅದು ಎರಡನೆಯ ನಿಯಮ.

ಉದ್ಘಾಟನೆಯ ಹಿಂದಿನ ದಿನ ಒಂದು ಗಂಭೀರ ಸಂಗತಿ ಬೆಳಕಿಗೆ ಬಂತು. ಮೇಸ್ತ್ರಿಯ ದೋಣಿಯನ್ನು ಒಳಹೊಕ್ಕು ಉದ್ಘಾಟಿಸಬೇಕಾದ ಮುಖ್ಯ ಅತಿಥಿಗಳಿಗೆ ಮಂಡಿನೋವು, ಏಣಿ ಹತ್ತುವಂತಿಲ್ಲ. ತುರ್ತುಸಭೆ ಸೇರಿತು. ನೆಲದ ಮಟ್ಟಕ್ಕೇ, ಅಂದರೆ ನೀರಿನೊಳಗೆ ಇರಬೇಕಾದ ಭಾಗದಲ್ಲೇ, ಒಂದು ಬಾಗಿಲು ಕೊರೆಯತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮೇಸ್ತ್ರಿ ಸಮಿತಿಯ ಕಾರ್ಯದರ್ಶಿಗಳ ಹಿಂದೆಯೇ ಓಡಿದ.

“ಸಾರ್, ಇಲ್ಲಿ ಬಾಗಿಲು ಕೊರೆದ್ರೆ ನೀರು ಒಳಗೆ ಬರುತ್ತೆ.”

ಕಾರ್ಯದರ್ಶಿಗಳು ಸಭಾಂಗಣವನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿದರು. “ಎಲ್ಲಿದೆ ನೀರು? ತೋರಿಸಿ.”

ಮೇಸ್ತ್ರಿಗೆ ತೋರಿಸಲಾಗಲಿಲ್ಲ. ಅವನ ಕೈಯಿಂದಲೇ ಬಾಗಿಲು ಕೊರೆಸಿದರು.

ಮುಖ್ಯ ಅತಿಥಿಗಳು ರಿಬ್ಬನ್ ಕತ್ತರಿಸಿ, ಆ ಬಾಗಿಲಿನಿಂದ ಒಳಗೆ ಹೋಗಿ, ತಲೆ ಬಾಗಿಸದೆ ಹೊರಗೆ ಬಂದರು. ಇಷ್ಟು ಸಲೀಸಾದ ದೋಣಿಯನ್ನು ಜನ್ಮದಲ್ಲೇ ಕಂಡಿಲ್ಲ ಎಂದರು. ಮೊದಲ ಬಹುಮಾನ ಅದಕ್ಕೇ ಬಂತು. “ಎಲ್ಲ ಸಮುದ್ರಗಳಿಗೂ ಯೋಗ್ಯ” ಎಂಬ ಪತ್ರವನ್ನು ಅಲ್ಲೇ ಕೈಗಿತ್ತರು.

ಪ್ರದರ್ಶನ ಮುಗಿದ ಮೇಲೆ ಮೇಸ್ತ್ರಿ ಆ ತೂತನ್ನು ಹಲಗೆ ಹೊಡೆದು ಮುಚ್ಚಲು ಅನುಮತಿ ಕೇಳಿದ. ಕಾರ್ಯದರ್ಶಿಗಳಿಗೆ ನಿಜಕ್ಕೂ ನೋವಾಯಿತು. ಗಣ್ಯರಿಂದ ಉದ್ಘಾಟನೆಗೊಂಡ ಯಾವುದನ್ನೂ ಮುಚ್ಚುವಂತಿಲ್ಲ, ಮುಚ್ಚಿದರೆ ಪತ್ರ ರದ್ದಾಗುತ್ತದೆ ಎಂದು ಅವರು ಸಮಾಧಾನವಾಗಿ ತಿಳಿಸಿದರು. ಮುಚ್ಚದೆ ನೀರಿಗೆ ಇಳಿಸಲು ಸಮಿತಿಯ ಅಭ್ಯಂತರವೇನೂ ಇರಲಿಲ್ಲ.

ಹೋಗಲು ಬೇರೆ ಮನೆಯಿಲ್ಲದೆ ಗಂಡ ಹೆಂಡತಿ ಸಭಾಂಗಣದಲ್ಲೇ, ದೋಣಿಯೊಳಗೇ ಸಂಸಾರ ಹೂಡಿದರು. ಸಮಿತಿ ದೊಡ್ಡ ಮನಸ್ಸು ಮಾಡಿ ಅವರನ್ನು ಕಾಯಂ ಪ್ರದರ್ಶನ ವಸ್ತುಗಳೆಂದು ಘೋಷಿಸಿತು. ಮರುವರ್ಷ ಎಲ್ಲ ದೋಣಿಗಳಿಗೂ ಬುಡದಲ್ಲಿ ಬಾಗಿಲು ಕಡ್ಡಾಯವಾಯಿತು. ಬಾಗಿಲು ಕೊರೆಯುವ ಕೆಲಸಕ್ಕೆ ಮೇಸ್ತ್ರಿಯನ್ನೇ ನೇಮಿಸಲಾಯಿತು, ಕೈ ಪಳಗಿತ್ತಲ್ಲ.

ಸಂಜೆ ಕೆಲಸ ಮುಗಿಸಿ ಬಂದವನನ್ನು ಹೆಂಡತಿ ಒಳಗಿನಿಂದಲೇ ಕೇಳುತ್ತಾಳೆ, “ಏನ್ರೀ, ಅಲೆ ಜೋರಾಗಿದ್ಯಾ ಇವತ್ತು?”

ಮೇಸ್ತ್ರಿ ರತ್ನಗಂಬಳಿಯ ಮೇಲೆ ಒಂದು ಗಳಿಗೆ ಕಣ್ಣಾಡಿಸುತ್ತಾನೆ. “ಇಲ್ಲ ಕಣೇ. ಶಾಂತವಾಗಿದೆ.”

ಸದರಿ ದೋಣಿ ಇಂದಿನವರೆಗೆ ಒಮ್ಮೆಯೂ ಮುಳುಗಿಲ್ಲ ಎಂದು ಸಮಿತಿಯ ವಾರ್ಷಿಕ ವರದಿ ಹೆಮ್ಮೆಯಿಂದ ದಾಖಲಿಸಿದೆ.