ಎರಡು ಸೆಕೆಂಡಿನ ಆಜ್ಞೆ

ಯಂತ್ರ ಬಂದರೆ ಸೈನ್ಯದಲ್ಲಿ ಆಜ್ಞೆ ತಡವಾಗುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಕಾಲೇಜಿನಲ್ಲಿ ಪಾಠ ಮಾಡುತ್ತ ಕೆಡೆಟ್‌ಗಳ ಶಿಬಿರವನ್ನೂ ನೋಡಿಕೊಳ್ಳುವ ನನಗೆ ಇಂಥ ನಂಬಿಕೆ ವರ್ಷಕ್ಕೊಂದು ಗಂಟುಬೀಳುತ್ತದೆ.

೧. ರಾಯಚೂರು

ಡ್ರೋನ್, ಲ್ಯಾಪ್‌ಟಾಪ್ ಹೊತ್ತು ಒಬ್ಬ ಕ್ಯಾಪ್ಟನ್ ಶಿಬಿರಕ್ಕೆ ಬಂದರು. ಡ್ರೋನ್ ಶತ್ರುವನ್ನು ನೋಡುತ್ತದೆ, ಲ್ಯಾಪ್‌ಟಾಪ್ ಎರಡು ಸೆಕೆಂಡಿನಲ್ಲಿ ಆಜ್ಞೆ ಬರೆಯುತ್ತದೆ, ‘ಹೌದು’ ಒತ್ತಿದರೆ ಅದು ಪಡೆಗೆ ಹೋಗುತ್ತದೆ. ಕೆಡೆಟ್‌ಗಳು ಬೆಂಚು ಹತ್ತಿ ನಿಂತು ನೋಡಿದರು. ಅಣಕು ಯುದ್ಧದಲ್ಲಿ ಇದು ಗೆದ್ದರೆ, ಎದುರು ಪಡೆ ನಡೆಸುವ ನಮ್ಮ ನಿವೃತ್ತ ಹವಾಲ್ದಾರರನ್ನು ಮುಂದಿನ ವರ್ಷ ಕರೆಸುವುದಿಲ್ಲವೆಂದು ಆಗಲೇ ತೀರ್ಮಾನವಾಗಿತ್ತು.

ಹವಾಲ್ದಾರರು ಕೇಳಿದರು: “ಸಾಹೇಬ್ರ, ತಪ್ಪಾದ್ರ ಬೈಯೋದು ಯಾರ್ನ?”

“ಇದು ತಪ್ಪು ಮಾಡೋದಿಲ್ಲ.”

“ಹಂಗಾದ್ರ ಇದು ಫೌಜಿನ್ಯಾಗ ಬಾಳಂಗಿಲ್ರಿ. ನಾನು ಇಪ್ಪತ್ನಾಕು ವರ್ಷ ಇದ್ದದ್ದ ಬೈಸ್ಕೊಳ್ಳಾಕ.”

೨. ದೇವದುರ್ಗ

ಅರಕೇರಾ ಕಡೆಯ ಬಯಲಲ್ಲಿ ಮೊದಲ ಯುದ್ಧ. ಡ್ರೋನ್ ಏರಿತು, ಎಲ್ಲರ ಕತ್ತೂ ಮೇಲೆ, ನನ್ನದೂ. ಪರದೆಯಲ್ಲಿ ಬಂತು: ‘ಶತ್ರು ನಲವತ್ತು ಮಂದಿ, ಸಾಲಾಗಿ ಬರುತ್ತಿದ್ದಾರೆ. ಹಿಂದೆ ಸರಿಯಿರಿ.’ ಕ್ಯಾಪ್ಟನ್ ‘ಹೌದು’ ಒತ್ತಿದರು. ಹುಡುಗರು ನೀರಿನ ಬಾಟಲಿಗಳನ್ನೂ ಬಿಟ್ಟು ಓಡಿದರು.

ಆ ನಲವತ್ತು ಮಂದಿ ಹತ್ತಿ ಬಿಡಿಸುವ ಹೆಂಗಸರು. ಅವರಲ್ಲಿ ಒಬ್ಬ ಮುದುಕಿ ಕೇಳಿದಳು: “ಯಾಕ ಓಡಾಕತ್ತಾರ ಯಪ್ಪಾ, ಹಾವು ಬಂತೇನು?”

ಬೇವಿನ ನೆರಳಲ್ಲಿ ಕೂತಿದ್ದ ಹವಾಲ್ದಾರರು ಹೇಳಿದರು: “ಇಲ್ಲ ಯವ್ವಾ, ನೀವು ಬಂದ್ರಿ.”

೩. ಮಾನ್ವಿ

ಸುದ್ದಿ ಮೇಲಿನವರಿಗೆ ಮುಟ್ಟಿತು. ಇನ್ನು ಮೇಲಧಿಕಾರಿಗಳನ್ನು ಕೇಳದೆ ‘ಹೌದು’ ಒತ್ತಕೂಡದು ಎಂದು ಹುಕುಂ ಬಂತು.

ಕುರ್ಡಿ ಹತ್ತಿರ ಕೊನೆಯ ಯುದ್ಧ. ಕ್ಯಾಪ್ಟನ್ನರ ಬಾವುಟ ಕಿತ್ತರೆ ಹವಾಲ್ದಾರರು ಗೆದ್ದಂತೆ. ಈ ಸಲ ಯಂತ್ರ ತಪ್ಪಲಿಲ್ಲ, ಒಪ್ಪಬೇಕು. ಕಾಲುವೆ ಏರಿಯ ಮರೆಯಲ್ಲಿ ತೆವಳುತ್ತಿದ್ದ ಹವಾಲ್ದಾರರನ್ನೂ ಅವರ ಹನ್ನೆರಡು ಹುಡುಗರನ್ನೂ ಹಿಡಿದು ತೋರಿಸಿತು: ‘ಈಗಲೇ ತಡೆಯಿರಿ.’

ಕ್ಯಾಪ್ಟನ್ ಮೇಜರ್‌ಗೆ ಫೋನ್ ಹಚ್ಚಿದರು. ಮೇಜರ್ ಕರ್ನಲ್‌ಗೆ ಹಚ್ಚಿದರು. ಕರ್ನಲ್ ಮೀಟಿಂಗ್‌ನಲ್ಲಿದ್ದರು.

“ಒತ್ರಿ ಸರ್,” ಕ್ಯಾಪ್ಟನ್ನರ ಕಡೆಯ ಹುಡುಗರು ಕುಣಿಯತೊಡಗಿದರು. “ಅಗೋ, ಏರಿ ದಾಟಿದ್ರು.”

“ಲೈನ್‌ನಲ್ಲಿದ್ದೀನಿ,” ಎಂದರು ಕ್ಯಾಪ್ಟನ್.

ಹವಾಲ್ದಾರರು ನಡೆದುಕೊಂಡೇ ಬಂದು ಬಾವುಟ ಕಿತ್ತು, ಸೆಲ್ಯೂಟ್ ಹೊಡೆದರು. “ಮಾತು ಮುಗಿಸ್ರಿ ಸಾಹೇಬ್ರ, ಅವಸರಿಲ್ಲ. ಬರೋ ವರ್ಷನೂ ನಾನು ಇಲ್ಲೇ ಇರ್ತೀನಿ.”

‘ಹೌದು’ ಒತ್ತಲು ಅನುಮತಿ ಮರುದಿನ ಮಧ್ಯಾಹ್ನ ಬಂತು.