ಸೋಫಾದ ಮೇಲಿನ ತೂಗುದೀಪ

ಹೆದರಿಕೆ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಕೆಲವರು ಜಿರಲೆಗೆ ಹೆದರುತ್ತಾರೆ, ಕೆಲವರು ಲಿಫ್ಟಿಗೆ. ನನ್ನನ್ನು ನಡುಗಿಸುವುದು ಎರಡೇ ಶಬ್ದ: 'ಭಾಳ ಸರಳ'. ಹಬ್ಬ ಹತ್ತಿರ ಬಂತೆಂದರೆ ನನ್ನ ಹೆಂಡತಿ ಸುನಂದಾ ಮೊಬೈಲಿನಲ್ಲಿ ಮನೆ ಅಲಂಕಾರದ ವಿಡಿಯೋ ನೋಡುತ್ತ ಕೂಡುತ್ತಾಳೆ. ಅದರಲ್ಲಿ ಯಾರೋ ಹೆಣ್ಣುಮಗಳು ಹತ್ತು ನಿಮಿಷದಲ್ಲಿ ಹಾಳುಬಿದ್ದ ಕೋಣೆಯನ್ನು ಅರಮನೆ ಮಾಡಿ, ಸೀರೆಯ ನೆರಿಗೆಯೂ ಕೆಡದಂತೆ ನಗುತ್ತ ನಿಂತಿರುತ್ತಾಳೆ. ಆಮೇಲೆ ಸುನಂದಾ ನನ್ನ ಕಡೆ ತಿರುಗಿ, "ಭಾಳ ಸರಳ ಐತ್ರಿ" ಎನ್ನುತ್ತಾಳೆ. ಕಳೆದ ಯುಗಾದಿಗೆ ಇಂಥದೇ ಒಂದು ಸರಳ ಉಪಾಯದಿಂದ ನನ್ನ ಮದುವೆಯ ಜರಿ ಧೋತರ ಊಟದ ಮೇಜಿನ ಹಾಸಾಯಿತು. ಊಟಕ್ಕೆ ಬಂದ ಗೆಳೆಯನೊಬ್ಬ ನಿಶ್ಚಿಂತೆಯಿಂದ ಅದರ ಅಂಚಿಗೆ ತುಪ್ಪದ ಕೈ ಒರೆಸಿದ. ನಾನು ಅವನಿಗೆ ಇನ್ನೊಂದು ಹೋಳಿಗೆ ಬಡಿಸಿದೆ.

ಆದರೆ ಈ ದೀಪಾವಳಿಯ ಮಾತೇ ಬೇರೆ. ಮಗಳು ಮೇಘಾ, ನಾವು ನೌಕರಿಗೆಂದು ಬಂದು ನೆಲೆಸಿದ ಈ ತೆಲುಗು ನಗರದಲ್ಲೇ, ಗಚ್ಚಿಬೌಲಿಯ ತನ್ನ ಆಫೀಸಿನಲ್ಲಿ ಕಿರಣ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಅವನ ತಂದೆ ತಾಯಿ ರಾಯಚೂರಿನಿಂದ ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು. ಮದುವೆಯ ಮಾತು ಮುಂದುವರಿಯುತ್ತದೋ ಇಲ್ಲವೋ ಆ ಒಂದು ಮಧ್ಯಾಹ್ನದಲ್ಲಿ ತೀರ್ಮಾನವಾಗಬೇಕಿತ್ತು. ಸುನಂದಾ ವಾರದಿಂದ ಯುದ್ಧಕ್ಕೆ ನಿಂತಿದ್ದಳು. ಉಪ್ಪಿನಕಾಯಿ ಭರಣಿಗಳ ಒಳಗೆ ಮಿಣಿಮಿಣಿ ದೀಪದ ಸರ ಸೇರಿತು. ಇಳಕಲ್ ಸೀರೆಯೊಂದು ದಿಂಬಿನ ಕವರುಗಳಾಯಿತು. ಕೊನೆಗೆ, ಅವಳ ತವರಿನಿಂದ ಬಂದಿದ್ದ ಹಿತ್ತಾಳೆಯ ತೂಗುದೀಪವನ್ನು ಸೋಫಾದ ಮೇಲೆ ತೂಗುಹಾಕಿ ಸುತ್ತಲೂ ಚೆಂಡುಹೂವು ಇಳಿಬಿಡಬೇಕೆಂದು ಅಪ್ಪಣೆಯಾಯಿತು.

ಬರುತ್ತೇನೆಂದ ಎಲೆಕ್ಟ್ರಿಷಿಯನ್ ಹಬ್ಬಕ್ಕೆ ಊರಿಗೆ ಹೋಗಿಬಿಟ್ಟಿದ್ದ. "ನೀವs ಹಾಕ್ರಿ. ಇಷ್ಟು ವರ್ಷ ಫ್ಯಾಕ್ಟರಿಯೊಳಗ ಏನ್ ಮಾಡೀರಿ?" ಎಂದಳು ಸುನಂದಾ. ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದವನು. ಬೇರೆಯವರು ಬಿಗಿದ ಬೋಲ್ಟು ಸಡಿಲಾಗಿದೆ ಎಂದು ಬರೆಯುವುದು ನನ್ನ ಕೆಲಸ. ನಾನೇ ಬಿಗಿಯುವ ಪ್ರಸಂಗ ಎಂದೂ ಬಂದಿರಲಿಲ್ಲ. ಇದನ್ನು ಹೆಂಡತಿಗೆ ಹೇಳುವ ಧೈರ್ಯ ನನಗೆ ಮದುವೆಯಾದ ವರ್ಷವೇ ಇರಲಿಲ್ಲ, ಈಗೆಲ್ಲಿಂದ ಬರಬೇಕು? ಪಕ್ಕದ ಮನೆಯ ನರಸಿಂಹುಲು ಅವರಿಂದ ಡ್ರಿಲ್ ತಂದೆ. ಕೊಡುವಾಗ ಅವರು, "ಲೋಪಲ ಸ್ಲ್ಯಾಬ್ ದಾಕಾ ಪೋವಾಲಿ ಸಾರ್" ಎಂದರು. ಒಳಗಿನ ಕಾಂಕ್ರೀಟಿನ ತನಕ ತೂತು ಹೋಗಬೇಕು ಎಂದರ್ಥ. ಹೋಗಲಿಲ್ಲ. ನಮ್ಮ ಹಾಲಿನ ಛಾವಣಿಗೆ ಕೆಳಗೊಂದು ತೆಳ್ಳನೆಯ ಜಿಪ್ಸಮ್ ಹಲಗೆಯ ಹೊದಿಕೆಯಿದೆ. ಡ್ರಿಲ್ ಬೆಣ್ಣೆಯೊಳಗೆ ಚಾಕು ಇಳಿದಂತೆ ಅದರೊಳಗೆ ಇಳಿಯಿತು, ನನ್ನ ಮೀಸೆಯೆಲ್ಲ ಬೆಳ್ಳಗಾಯಿತು, ಕೊಕ್ಕೆಯೂ ಸಲೀಸಾಗಿ ಕೂತಿತು. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಸಲೀಸೇ. ದೀಪ ನಾಲ್ಕು ಕಿಲೋ ಆದರೂ ಇತ್ತು. ತೂಗುಹಾಕಿ ಮೆಲ್ಲಗೆ ಜಗ್ಗಿ ನೋಡಿದೆ. ಜೋರಾಗಿ ಜಗ್ಗಿದರೆ ಬಿದ್ದೀತೆಂದು ಜಗ್ಗಲಿಲ್ಲ.

"ಗಟ್ಟಿ ಐತಿಲ್ರಿ?" ಎಂದು ಸುನಂದಾ ಅಡುಗೆಮನೆಯಿಂದ ಕೂಗಿದಳು.

"ಕಲ್ಲಾಗೇತಿ!" ಎಂದೆ.

ಮರುದಿನ ಮಧ್ಯಾಹ್ನ ಬೀಗರಾಗಬೇಕಾದವರು ಕಿರಣನ ಜೊತೆ ಬಂದರು. ಕಿರಣನ ತಂದೆ ಶರಣಪ್ಪನವರು ಊರೂರಿಗೆ ಸೇತುವೆ ಕಟ್ಟಿಸಿ ನಿವೃತ್ತರಾದವರು; ಎತ್ತರದ ಆಳು, ನುಣ್ಣಗೆ ಹೊಳೆಯುವ ಬೋಳುತಲೆ. ಒಳಗೆ ಬಂದವರೇ ಒಮ್ಮೆ ಸುತ್ತಲೂ ಕಣ್ಣಾಡಿಸಿ, ಅಷ್ಟು ದೊಡ್ಡ ಹಾಲಿನಲ್ಲಿ ಸರಿಯಾಗಿ ದೀಪದ ಕೆಳಗೇ ಹೋಗಿ ಕೂತರು.

"ಈ ಕಡೆ ಬರ್ರಿ, ಫ್ಯಾನಿನ ಗಾಳಿ ಚೊಲೊ ಬರ್ತದ" ಎಂದೆ.

"ಇರಲಿ ಬಿಡ್ರಿ, ಇಲ್ಲೇ ಆರಾಮ ಐತಿ" ಎಂದರು.

ಬಾಲ್ಕನಿಯಿಂದ ಕೆರೆ ಕಾಣುತ್ತದೆಂದು ಕರೆದೆ. ಬಂದರು, ನೋಡಿದರು, ಮತ್ತೆ ಹೋಗಿ ಅಲ್ಲೇ ಕೂತರು. ದೇವರಕೋಣೆ ತೋರಿಸಿದೆ. ಕೈಮುಗಿದು ಮತ್ತೆ ಅಲ್ಲಿಗೇ. ಮೂರನೆಯ ಸಲ ಅವರನ್ನು ಎಬ್ಬಿಸಿ ವಾಷಿಂಗ್ ಮಷೀನ್ ತೋರಿಸಲು ಕರೆದೊಯ್ದಾಗ ಸುನಂದಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು, "ಏನ್ ತಲಿ ಕೆಟ್ಟೈತೇನ್ರಿ ನಿಮಗ? ಹಿರೇ ಮನಷ್ಯಾಗ ಒಂದ್ ಕಡೆ ಕೂಡಾಕ ಬಿಡ್ರಲ್ಲ!" ಎಂದು ಹಲ್ಲು ಕಡಿದಳು. ಆಗಲಾದರೂ ನಿಜ ಹೇಳಬಹುದಿತ್ತು. "ಮಷೀನ್ ಹೊಸಾದು ಅಂತ ತೋರಿಸಿದೆ" ಎಂದೆ.

ಹಿಂದಿರುಗಿ ಬಂದಾಗ ಶರಣಪ್ಪನವರು ಮತ್ತೆ ಅಲ್ಲೇ ಕೂತಿದ್ದರು, ಮೇಲೆ ಕೊಕ್ಕೆಯ ಸುತ್ತ ಕೂದಲೆಳೆಯಂಥ ಬಿರುಕು ಕಾಣಿಸಿತು. ಹೆಂಗಸರ ಮಾತು, ಮದುವೆ ನಮ್ಮೂರು ಧಾರವಾಡದಲ್ಲೋ ಅವರ ರಾಯಚೂರಿನಲ್ಲೋ ಎಂಬಲ್ಲಿಗೆ ಬಂದಿತ್ತು. ನಾನು ಒಂದು ಮಾತೂ ಕೇಳಿಸಿಕೊಳ್ಳಲಿಲ್ಲ. ಬಿರುಕು ಒಂದು ಬೆರಳಿನಷ್ಟಾಯಿತು, ಎರಡಾಯಿತು. ಚಿಟಿಕೆ ಬಿಳಿ ಪುಡಿ ಉದುರಿ ಶರಣಪ್ಪನವರ ಬೋಳುತಲೆಯ ಮೇಲೆ ಕೂತಿತು. ಬೆವರಿನಿಂದ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಆ ತಲೆ ಒಡೆದು ರಕ್ತ ಹರಿದಂತೆ, ಮೇಘಾ ನನ್ನ ಮುಖವನ್ನೂ ನೋಡದೆ ಬಾಗಿಲು ಹಾಕಿಕೊಂಡಂತೆ ಎಲ್ಲವೂ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಮೇಲಿನಿಂದ 'ಟಕ್' ಎಂದಿತು. ನಾನು ಟೀಪಾಯಿ ದಾಟಿ ಸೋಫಾದ ಮೇಲೆ ಹತ್ತಿ, ಎರಡೂ ಕೈಯಿಂದ ದೀಪವನ್ನು ಅವುಚಿಕೊಂಡು ಕಿರುಚಿದೆ: "ಏಳ್ರೀ! ಇದು ಬೀಳ್ತದ! ನಾನs ಹಾಕೀನಿ!"

ಕರ್ಚಿಕಾಯಿ ಹಿಡಿದ ಕಿರಣನ ಕೈ ಬಾಯಿಯ ಹತ್ತಿರವೇ ನಿಂತಿತು. ಶರಣಪ್ಪನವರು ಮಾತ್ರ ಅವಸರವಿಲ್ಲದೆ ಎದ್ದು, ನನ್ನ ಕೈಗಳ ಕೆಳಗೆ ತಮ್ಮ ಕೈ ಕೊಟ್ಟು, "ಹೌದ್ರಿ, ಬೀಳ್ತೈತಿ. ಬಂದ ಕೂಡಲೇ ನೋಡೀನಿ" ಎಂದರು.

"ನೋಡಿದ್ರೆ ಮತ್ತ ಅಲ್ಲೇ ಯಾಕ ಕುಂತ್ರಿ?" ಎಂದೆ.

"ಪಾಪು ಅಲ್ಲಿ ಕೂಡಾಕ ಹೊಂಟಿತ್ತು" ಎಂದು ಮೇಘಾಳ ಕಡೆ ನೋಡಿದರು. "ಹಬ್ಬದ ದಿನ ಬಂದು ನಿಮ್ಮ ಕೆಲಸಕ್ಕ ಹೆಸರಿಡಾಕ ಮನಸ್ಸಾಗ್ಲಿಲ್ಲ. ಅದಕ್ಕs ನಾನs ಕುಂತೆ. ಖರೆ ಹೇಳ್ಬೇಕಂದ್ರ ಒಳಗಿಂದೊಳಗ ಪುಕುಪುಕು ಅನ್ನಾಕತ್ತಿತ್ತ್ರಿ."

ಮೊದಲು ನಕ್ಕವರು ಅವರ ಹೆಂಡತಿ. ಆಮೇಲೆ ಎಲ್ಲರೂ. ನಾವಿಬ್ಬರೂ ಸೇರಿ ದೀಪವನ್ನು ಕೆಳಗಿಳಿಸುವಾಗ ಕೊಕ್ಕೆಯ ಜೊತೆ ಊಟದ ತಟ್ಟೆಯಷ್ಟು ಛಾವಣಿಯೂ ಇಳಿದುಬಂತು. ಮೇಘಾ ಬಂದು ಅವರ ತಲೆಯ ಮೇಲಿನ ಪುಡಿಯನ್ನು ಟವೆಲಿನಿಂದ ಒರೆಸಿದಳು. ಹೊರಡುವ ಮೊದಲು ಮದುವೆ ಧಾರವಾಡದಲ್ಲಿ ಎಂದು ಶರಣಪ್ಪನವರೇ ಹೇಳಿದರು.

ಬೀಗರನ್ನು ಕಳಿಸಿ ಬಂದು ನಾನು ಸೋಫಾದಲ್ಲಿ ಕಾಲು ಚಾಚಿದೆ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಸುನಂದಾ ನೆಲದ ಪುಡಿ ಗುಡಿಸುತ್ತಿದ್ದವಳು ಒಮ್ಮೆಲೇ ಕಸಬರಿಗೆ ನಿಲ್ಲಿಸಿದಳು.

"ಖರೆ ಹೇಳ್ರಿ. ಅದು ಬೀಳ್ತದ ಅಂತ ನಿಮಗ ಯಾವಾಗ ಅನಿಸ್ತು?"

"ನಿನ್ನೆ ಹಾಕಿದಾಗಿಂದನೂ ಸ್ವಲ್ಪ ಅನುಮಾನ ಇತ್ತು" ಎಂದೆ, ಪ್ರಾಮಾಣಿಕತೆಯ ಹುರುಪಿನಲ್ಲಿ.

ಅವಳು ಸೋಫಾದ ಕಡೆ ಬೊಟ್ಟು ಮಾಡಿದಳು. "ಇವತ್ತು ಮುಂಜಾನಿ ಎರಡು ತಾಸು ನಾ ಅದರ ಬುಡಕs ಕುಂತು ಹೂ ಪೋಣಿಸೀನಿ. ನೀವು ಎದುರಿಗೇ ಪೇಪರ್ ಓದಾಕತ್ತಿದ್ರಿ."

ಮತ್ತೆ ಗುಡಿಸತೊಡಗಿದಳು. ಬೀಗರ ತಲೆಯ ಸಲುವಾಗಿ ಅಷ್ಟು ಬೆವರಿದ ನನಗೆ ಹೆಂಡತಿಗೂ ಒಂದು ತಲೆಯಿದೆಯೆಂಬುದು ಹೊಳೆದೇ ಇರಲಿಲ್ಲ. ಈ ಮಾತಾಗಿ ಮೂರು ವಾರವಾಯಿತು. ಅವಳು ಅದನ್ನು ಮತ್ತೆ ಎತ್ತಿಲ್ಲ, ಜಗಳವಾಡಿಲ್ಲ, ಚಹಾಕ್ಕೆ ಸಕ್ಕರೆಯನ್ನೂ ಕಡಿಮೆ ಮಾಡಿಲ್ಲ. ನನಗೆ ನಿಜವಾದ ಹೆದರಿಕೆ ಈಗ ಶುರುವಾಗಿದೆ.