ಗೂಡಿನ ಮಾರುಕಟ್ಟೆಯಲ್ಲಿ ಧ್ಯಾನ

ಒಂದು ಕಡೆ ಸುಮ್ಮನೆ ಕಣ್ಣು ಮುಚ್ಚಿ ಕೂತರೆ ಯಾರಿಗೇನು ತೊಂದರೆ ಅಂತೀರಾ? ಶಿಡ್ಲಘಟ್ಟದಲ್ಲಿ ಕೂತು ನೋಡಿ, ಗೊತ್ತಾಗುತ್ತೆ.

ಡಾಕ್ಟ್ರ ಮಾತು

ತೊಂಬತ್ತರ ದಶಕದ ಮೊದಲಲ್ಲಿ ನನ್ನದೊಂದು ರೇಷ್ಮೆ ನೂಲು ತೆಗೆಯೋ ಸಣ್ಣ ಕಾರ್ಖಾನೆ ಇತ್ತು. ಅದರ ಜೊತೆಗೆ ಸಿಟ್ಟು, ಸಿಟ್ಟಿನ ಜೊತೆಗೆ ಬಿಪಿ. ಚಿಕ್ಕಬಳ್ಳಾಪುರದ ಡಾಕ್ಟ್ರು, "ಕೆಲಸದ ಮಧ್ಯೆ ಎಲ್ಲಿದ್ದೀರೋ ಅಲ್ಲೇ ಕಣ್ಣು ಮುಚ್ಚಿ ಉಸಿರು ಗಮನಿಸಿ. ಬಿಪಿ ಇಳೀಲಿಲ್ಲ ಅಂದ್ರೆ ವ್ಯಾಪಾರ ಬಿಡ್ಬೇಕಾಗುತ್ತೆ" ಅಂದ್ರು.

"ಅದಕ್ಕೇನಂತೆ, ನನ್ ತಮ್ಮ ನೋಡ್ಕೊಳ್ತಾನೆ" ಅಂದಳು ನನ್ನ ಹೆಂಡತಿ.

ಅವಳ ತಮ್ಮ ಎಂಥವನು ಅಂದ್ರೆ, ತರಕಾರಿಯವಳು ರೇಟು ಹೇಳಿದರೆ "ಅಷ್ಟು ಸಾಕೇನಮ್ಮಾ?" ಅಂತ ಕೇಳೋನು. ನಾನು ಆಸ್ಪತ್ರೆಯ ಬೆಂಚಿನ ಮೇಲೇ ಧ್ಯಾನ ಶುರು ಮಾಡಿದೆ.

ಕಾರ್ಖಾನೆ

ಮಾರನೇ ದಿನ ಕಾರ್ಖಾನೆಯಲ್ಲಿ, ರೇಷ್ಮೆ ಗೂಡು ಬೇಯಿಸೋ ಬಾಣಲಿಗಳ ಪಕ್ಕ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದೆ. ಬೈಗುಳ ಕೇಳಿಸದೆ ನೂಲು ತೆಗೆಯೋ ಹೆಂಗಸರಿಗೆ ಗಾಬರಿಯಾಯಿತು. "ದೇವರು ಬಂದೈತೆ ಕಣ್ರೇ!" ಅಂದಳು ಒಬ್ಬಳು. ಹಣೆಗೆ ಕುಂಕುಮ ಬಿತ್ತು, ಕೈಗೆ ನಿಂಬೆಹಣ್ಣು ಬಂತು.

"ತಾಯೀ, ನನ್ ಮಗಳ ಮದುವೆ ಯಾವಾಗ?"

ನಾನು ಕಣ್ಣು ಬಿಡದೆ, "ಮೊದಲು ಬಾಣಲಿ ನೋಡು, ಗೂಡು ಬೆಂದುಹೋಗ್ತಿದೆ" ಅಂದೆ.

ಅವಳು ಅಡ್ಡಬಿದ್ದು ಎದ್ದಳು. "ನೋಡಿದ್ಯೇನೇ, ದೇವರಿಗೂ ನಮ್ಮ ಕೆಲಸ ಗೊತ್ತು."

ಚಿಂತಾಮಣಿ ಬಸ್ಸು

ಸರಿ, ಬಸ್ಸಿನಲ್ಲಿ ಯಾರೂ ನನ್ನ ಗುರುತಿನವರಿಲ್ಲ ಅಂತ ಅಲ್ಲಿ ಕಣ್ಣು ಮುಚ್ಚಿದೆ. ಕಂಡಕ್ಟರ್ ಭುಜ ತಟ್ಟಿದ. ಉಸಿರು ಈಗಷ್ಟೇ ಹದಕ್ಕೆ ಬಂದಿತ್ತು, ನಾನು ಅಲ್ಲಾಡಲಿಲ್ಲ.

"ಏಳಿ ಸ್ವಾಮಿ" ಅಂದ ಅವನು. "ಟಿಕೆಟ್ ಕೇಳ್ದಾಗ ಧ್ಯಾನಕ್ಕೆ ಹೋಗೋ ಋಷಿಗಳು ಈ ರೂಟಲ್ಲಿ ಭಾಳ ಜನ ಇದಾರೆ."

ಮಾರುಕಟ್ಟೆ

ಉಳಿದದ್ದು ನಾನು ದಿನಾ ಗೂಡು ಕೊಳ್ಳೋ ಮಾರುಕಟ್ಟೆ. ಅಲ್ಲಿ ನನಗೊಂದು ಪದ್ಧತಿ. ಹರಾಜಿಗೆ ಮುಂಚೆ ಒಂದು ಗೂಡು ಎತ್ತಿ ಕಿವಿ ಹತ್ರ ಅಲ್ಲಾಡಿಸಿ, "ಇದೂ ಒಂದು ಗೂಡೇನ್ರೀ? ಹುಳ ಬೇಜಾರಲ್ಲಿ ಕಟ್ಟಿದೆ!" ಅಂತ ಕೂಗಾಡ್ತಿದ್ದೆ. ಅದನ್ನ ಕೇಳಿ ಉಳಿದ ಕೊಳ್ಳುವವರೂ ರೇಟು ತಗ್ಗಿಸಿಯೇ ಕೂಗೋರು.

ಅವತ್ತು ಕೂಗಲಿಲ್ಲ. ಒಂದು ರಾಶಿ ಪಕ್ಕ ಕೂತು ಕಣ್ಣು ಮುಚ್ಚಿದೆ.

"ಇವ್ನು ಬೈತಿಲ್ಲ ಅಂದ್ರೆ ಬೆಂಗಳೂರಲ್ಲಿ ರೇಷ್ಮೆ ರೇಟು ಏರಿರ್ಬೇಕು ಕಣೋ" ಅಂತ ಯಾರೋ ಪಿಸುಗುಟ್ಟಿದರು. ಕಣ್ಣು ಬಿಡೋ ಹೊತ್ತಿಗೆ ಆ ರಾಶಿಯ ರೇಟು ಮಾಳಿಗೆ ಹತ್ತಿತ್ತು. ಕಾರ್ಖಾನೆಯ ಬಾಣಲಿ ಖಾಲಿ ಬಿಡೋ ಹಾಗಿಲ್ಲ, ಅದೇ ರೇಟಿಗೆ ಕೊಂಡೆ. ಮನೆಗೆ ಹೋದರೆ ಹೆಂಡತಿ, "ನನ್ ತಮ್ಮನೇ ವಾಸಿ" ಅಂದಳು.

ಮಾರನೇ ಬೆಳಿಗ್ಗೆ ಮಾರುಕಟ್ಟೆ ಬಾಗಿಲಲ್ಲೇ ಒಬ್ಬ ರೈತ ಚಾಪೆ ಸುತ್ತಿಕೊಂಡು ಕಾಯ್ತಿದ್ದ. "ರಾ ಅನ್ನಾ, ಬಾ, ನಂದು ಆ ಮೂಲೆ ರಾಶಿ. ಹರಾಜು ಮುಗಿಯೋಗಂಟ ಅದರ ಪಕ್ಕ ಕೂತ್ಕೊಂಡು ಧ್ಯಾನ ಮಾಡನ್ನಾ."

ಅವನ ಹಿಂದೆ ಮಂಡಿಕಲ್ ಕಡೆಯ ರೈತನೊಬ್ಬ ಮಣೆ ಹಿಡಿದಿದ್ದ. "ನಂದು ಮೊದ್ಲು!" ಅಂತ ಇಬ್ಬರೂ ನನ್ನ ಒಂದೊಂದು ಕೈ ಹಿಡಿದು ಎಳೆದರು.

ಎಷ್ಟು ದಿನದ ಸಿಟ್ಟು ಒಳಗೆ ಸೇರಿತ್ತೋ ಏನೋ! ಚಾಪೆ, ಮಣೆ, ಗೂಡು, ಹುಳ, ಹಿಪ್ಪುನೇರಳೆ ಸೊಪ್ಪು, ಯಾವುದನ್ನೂ ಬಿಡದೆ ಬೈದೆ. ಇಡೀ ಮಾರುಕಟ್ಟೆಗೆ ನೆಮ್ಮದಿಯಾಯಿತು, ರೇಟು ಮಾಮೂಲಿಗೆ ಇಳಿಯಿತು. ಗೂಡು ಕೊಂಡು, ಅದೇ ಚಾಪೆ ಮೇಲೆ ಕೂತು ಕಣ್ಣು ಮುಚ್ಚಿದೆ. ಆಹಾ, ಅಂಥ ಶಾಂತಿ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಅವತ್ತಿಂದ ದಿನಾ ಅದನ್ನೇ ರೂಢಿ ಮಾಡಿಕೊಂಡೆ.

ಮುಂದಿನ ಸಲ ಡಾಕ್ಟ್ರು ಬಿಪಿ ಪಟ್ಟಿ ಬಿಚ್ಚಿ ನಕ್ಕರು. "ಇಳಿದಿದೆ! ವ್ಯಾಪಾರ ಬಿಡೋದೇನೂ ಬೇಡ. ನೋಡಿದ್ರಾ ಧ್ಯಾನದ ಮಹಿಮೆ! ಯಾವ ಹೊತ್ತಲ್ಲಿ ಕೂರ್ತೀರಿ?"

"ಬೈದಾದ ಮೇಲೆ ಸಾರ್" ಅಂದೆ.